ಮೂಕಿ ಚಿತ್ರದ ವ್ಯಾಂಪ್: ಕಾಡಿಗೆಯೊಂದೇ ಸಾಲದು

ಪ್ರಶ್ನೆ: ಕಾಲೇಜಿಗಾಗಿ ಐದು ನಿಮಿಷದ ಮೂಕಿ ಚಿತ್ರ ಮಾಡುತ್ತಿದ್ದೇವೆ. ಗಂಡಸರನ್ನು ಮರುಳು ಮಾಡಿ ಹಾಳುಗೆಡಹುವ ‘ವ್ಯಾಂಪ್’ ಮುಖ್ಯ ಪಾತ್ರ. ದಟ್ಟ ಕಾಡಿಗೆ, ಕೆಂಪು ಲಿಪ್‌ಸ್ಟಿಕ್ ಹಚ್ಚಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿದರೂ ಹಳೇ ಚಿತ್ರದ ಕಳೆ ಬರುತ್ತಿಲ್ಲ. ಯಾಕೆ?

ಉತ್ತರ: ಬಣ್ಣ ತೆಗೆದ ರೀತಿಯಲ್ಲೇ ಎಡವಟ್ಟಾಗಿದೆ. ನಟಿ ಥೀಡಾ ಬಾರಾ ಅವರನ್ನು ತಾರೆಯಾಗಿಸಿದ ‘ಎ ಫೂಲ್ ದೇರ್ ವಾಸ್’ (1915) ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಕಪ್ಪಾಗಿಯೂ ನೀಲಿ ಆಕಾಶ ಬೆಳ್ಳಗೂ ಮೂಡುತ್ತಿದ್ದವು. ಮೊಬೈಲಿನ ಫಿಲ್ಟರ್ ಕೆಂಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ನಿಮ್ಮ ನಟಿಯ ತುಟಿ ಬರೀ ಬೂದಾಗಿದೆ.

ಬಣ್ಣದಲ್ಲೇ ಚಿತ್ರೀಕರಿಸಿ. ಎಡಿಟಿಂಗ್‌ನಲ್ಲಿ ಚಾನೆಲ್ ಮಿಕ್ಸರ್ (ಕಪ್ಪು-ಬಿಳುಪಿಗೆ ಯಾವ ಬಣ್ಣ ಎಷ್ಟು ಪಾಲು ಎಂದು ಹೊಂದಿಸುವ ಸಾಧನ) ತೆರೆದು ಕೆಂಪು 0, ಹಸಿರು 40, ನೀಲಿ 60ರಿಂದ ಶುರುಮಾಡಿ. ಹಳದಿ ಬಲ್ಬಿನ ಕೆಳಗೆ ಮಾತ್ರ ತೆಗೆಯಬೇಡಿ: ಅದರಲ್ಲಿ ನೀಲಿ ಕಮ್ಮಿ, ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಹಗಲಿನ ನೆರಳು ಒಳ್ಳೆಯದು. ಕೆಂಪು ತೆಗೆದಾಗ ಚರ್ಮವೂ ಕಪ್ಪಾಗಿ, ಮೊಡವೆ ಕಲೆಗಳು ಎದ್ದು ಕಾಣುತ್ತವೆ. ಮುಖಕ್ಕೆ ಒಂದು ಛಾಯೆ ತಿಳಿಯಾದ ಫೌಂಡೇಶನ್ ಇರಲಿ, ಕುತ್ತಿಗೆ ಮರೆಯಬೇಡಿ. ಕೆನ್ನೆಗೆ ರೂಜ್ (ಕೆಂಪು ಬಣ್ಣ) ಬೇಡವೇ ಬೇಡ, ಗುಳಿ ಬಿದ್ದಂತೆ ಕಾಣುತ್ತದೆ. ತುಟಿಗೆ ದಟ್ಟ ಕೆಂಪು ಹಚ್ಚಿದರೆ ಬಾಯಿ ತೂತಿನಂತಾಗುತ್ತದೆ, ತಿಳಿ ಗುಲಾಬಿಯನ್ನು ತೆಳ್ಳಗೆ ಸವರಿ. ಕಾಡಿಗೆಯನ್ನು ಕಣ್ಣಿನ ಸುತ್ತ ಎಳೆದು, ಮೇಲಿನ ರೆಪ್ಪೆಯ ಮಡಿಕೆಯವರೆಗೆ ಬೆರಳಿನಿಂದ ಹರಡಿ. ಬಿಳಿ ಕಾಣಬೇಕಾದ ಉಡುಪಿಗೆ ತಿಳಿನೀಲಿಯೂ ನಡೆಯುತ್ತದೆ.

ಇನ್ನು ವೇಗ. ಆಗ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸಿ ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್ ತೆಗೆದದ್ದನ್ನು 24ರಲ್ಲಿ ಓಡಿಸಿದಾಗಲೇ ನಾವು ನಗುವ ಆ ದಡಬಡ ನಡಿಗೆ ಬರುವುದು. ಅದನ್ನು ಬೇಕೆಂದೇ ತಂದರೆ ವ್ಯಾಂಪ್ ಕೋಡಂಗಿಯಾಗುತ್ತಾಳೆ.

ಏಕೆಂದರೆ ಈ ಪಾತ್ರದ ಬಲವೆಲ್ಲ ನಿಧಾನದಲ್ಲಿದೆ. ‘ಎ ಫೂಲ್ ದೇರ್ ವಾಸ್’ ಚಿತ್ರದ ಹಡಗಿನ ದೃಶ್ಯ ನೋಡಿ: ವ್ಯಾಂಪ್‌ನಿಂದ ಹಾಳಾದ ಹಳೆಯ ಪ್ರಿಯಕರ ಪಿಸ್ತೂಲು ಹಿಡಿದು ಅವಳೆದುರು ನಿಂತಿದ್ದಾನೆ. ಅವಳು ಕೈಯಲ್ಲಿದ್ದ ಹೂವಿನಿಂದ ಪಿಸ್ತೂಲನ್ನು ಸರಿಸಿ ನಗುತ್ತಾಳೆ. ಅವನು ತನಗೇ ಗುಂಡು ಹೊಡೆದುಕೊಳ್ಳುತ್ತಾನೆ. ಕಣ್ಣರಳಿಸಿ, ಕೈ ಬೀಸಿ ಒದ್ದಾಡುವುದು ಗಂಡಸಿನ ಪಾಲು. ನಿಮ್ಮ ನಟಿಗೆ ಒಂದು ಶಾಟ್‌ನಲ್ಲಿ ಒಂದೇ ಚಲನೆ ಕೊಡಿ.

ಮಾತನ್ನು ಬರೆದು ತೆರೆಯ ಮೇಲೆ ತೋರಿಸುವ ಸಂಭಾಷಣೆಯ ಫಲಕದಲ್ಲಿ ಎಂಟು ಪದ ಮೀರದಿರಲಿ. ಅವಳು ಬಾಯಿ ತೆರೆದ ಮೇಲೆ ಕತ್ತರಿಸಿ ಫಲಕ ಹಾಕಿ, ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿ.