ಸಾಲ ಕೊಟ್ಟ ಅತ್ತೆ 15ಜಿ ಫಾರ್ಮ್ ಕೊಟ್ಟಿದ್ದಾರೆ, ನಮ್ಮ ಫರ್ಮ್ ಏನು ಮಾಡಬೇಕು?

ನೀವು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಾಲುದಾರಿಕೆ ಫರ್ಮ್ ನಡೆಸುತ್ತೀರಿ, ಗದಗದ ಅತ್ತೆಯ ಸಾಲಕ್ಕೆ ಬಡ್ಡಿ ಕೊಡುತ್ತೀರಿ. 2025-26ರ ಲೆಕ್ಕದಲ್ಲಿ ಹೇಳುತ್ತೇನೆ. ಬಡ್ಡಿ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ (ಕೊಡುವ ಮುಂಚೆಯೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ತನಗೆ ತೆರಿಗೆ ಬೀಳುವುದಿಲ್ಲ ಎಂದು ಅತ್ತೆ ಬರೆದುಕೊಡುವ ಘೋಷಣೆಯೇ 15ಜಿ; ಸರಿಯಾದ ಫಾರ್ಮ್ ಇದ್ದರೆ ಹಿಡಿಯುವಂತಿಲ್ಲ.

ಆದರೆ ಫಾರ್ಮ್ ತಗೊಂಡು ಸುಮ್ನೆ ಡ್ರಾವರಿಗೆ ಹಾಕಿದರೆ ಆಗಲ್ಲ. ಎಡವುವವರು ಜಾಸ್ತಿ ಇಲ್ಲೇ.

ಮೊದಲು ವಯಸ್ಸು ಕೇಳಿ. ಆ ವರ್ಷದೊಳಗೆ 60 ತುಂಬುತ್ತಿದ್ದರೆ ಅಥವಾ ಆಗಲೇ ತುಂಬಿದ್ದರೆ ಹಿರಿಯರ ಫಾರ್ಮ್ 15ಎಚ್ ಬೇಕು, 15ಜಿ ಅಲ್ಲ. 15ಜಿಗೆ ಎರಡು ಷರತ್ತು: ವರ್ಷದ ತೆರಿಗೆ ಸೊನ್ನೆ ಇರಬೇಕು, ಬಡ್ಡಿಯಂಥ ಆದಾಯ ಒಟ್ಟು ಸೇರಿ ಮೂಲ ವಿನಾಯಿತಿ ಮಿತಿ (ಅಷ್ಟರವರೆಗೆ ತೆರಿಗೆಯೇ ಇಲ್ಲ) ದಾಟಬಾರದು. ಹೊಸ ತೆರಿಗೆ ಪದ್ಧತಿಯಲ್ಲಿ ಅದು 4 ಲಕ್ಷ. 15ಎಚ್‌ಗೆ ಈ ಎರಡನೇ ಷರತ್ತಿಲ್ಲ. ಪ್ಯಾನ್ ಬರೆದಿಲ್ಲವಾ? ಫಾರ್ಮ್ ಲೆಕ್ಕಕ್ಕಿಲ್ಲ, ಶೇ. 20 ಹಿಡಿಯಬೇಕಾಗುತ್ತದೆ.

ಇನ್ನು ನಿಮ್ಮ ಕೆಲಸ. ಪ್ರತಿ ಫಾರ್ಮ್‌ಗೂ ಒಂದು ಯುಐಎನ್ (ಗುರುತಿನ ಸಂಖ್ಯೆ) ಕೊಡಿ: ಜಿ ಅಥವಾ ಎಚ್ ಅಕ್ಷರ, ಒಂಬತ್ತು ಅಂಕಿ, ಹಣಕಾಸು ವರ್ಷ, ನಿಮ್ಮ ಟ್ಯಾನ್ (ಟಿಡಿಎಸ್ ಹಿಡಿಯುವವರ ನಂಬರ್). ಆಮೇಲೆ ತ್ರೈಮಾಸಿಕಕ್ಕೊಮ್ಮೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಅಪ್‌ಲೋಡ್ ಮಾಡಿ. ಕೊನೇ ದಿನ ಜುಲೈ 15, ಅಕ್ಟೋಬರ್ 15, ಜನವರಿ 15, ಏಪ್ರಿಲ್ 30. ತೆರಿಗೆ ಹಿಡಿಯದಿದ್ದರೂ ಆ ಬಡ್ಡಿಯನ್ನು ತ್ರೈಮಾಸಿಕ ಟಿಡಿಎಸ್ ರಿಟರ್ನ್ ಆದ 26ಕ್ಯುನಲ್ಲಿ ತೋರಿಸಲೇಬೇಕು.

ಫಾರ್ಮ್ ಒಂದೇ ವರ್ಷಕ್ಕೆ. ಬಡ್ಡಿ ಖಾತೆಗೆ ಜಮಾ ಆಗುವ ಮುಂಚೆ ಕೈಗೆ ಬಂದಿರಲಿ. ಏಳು ವರ್ಷ ಜೋಪಾನವಾಗಿಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಹಾಗಾಗಿ 2026-27ಕ್ಕೆ ಹಳೇ ಫಾರ್ಮ್ ಜೆರಾಕ್ಸ್ ಮಾಡಬೇಡಿ.