ಆ ‘ನಡುವೆ’ ಅನ್ನೋ ಪದದ ಬಗ್ಗೆ

ಪ್ರಿಯ ಗೆಳೆಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರ ತುಂಬಾ ಉದ್ದ ಇರುವುದರಿಂದ ಉಳಿದ ಓದುಗರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ನೀವು ಹತ್ತು ವರ್ಷದಿಂದ ಕತೆ ಬರೆಯುತ್ತಿದ್ದೀರಿ, ಎರಡು ಸಂಕಲನ ಬಂದಿವೆ, ಈಗ ಒಂದು ಪ್ರಕಾಶನದಲ್ಲಿ ಸಹಾಯಕ ಸಂಪಾದಕರ ಕೆಲಸ ಸಿಕ್ಕಿದೆ. ಮುಂದಿನ ಐದು ವರ್ಷಕ್ಕೆ ಒಂದು ಪಟ್ಟಿಯನ್ನೂ ಮಾಡಿಕೊಂಡಿದ್ದೀರಿ: ಮೊದಲು ಕರಡು ತಿದ್ದುವುದು, ಮೂರನೇ ವರ್ಷಕ್ಕೆ ಪುಸ್ತಕ ಆರಿಸುವ ಜವಾಬ್ದಾರಿ, ಐದನೇ ವರ್ಷಕ್ಕೆ ಸ್ವಂತ ಪ್ರಕಾಶನ. ‘ನಡುವೆ ಒಂದು ಕಾದಂಬರಿ.’ ಇದು ಆಗುವ ಮಾತಾ ಎಂದು ಕೇಳಿದ್ದೀರಿ.

ಪಟ್ಟಿ ಚೆನ್ನಾಗಿದೆ. ಆ ‘ನಡುವೆ’ ಅನ್ನೋ ಪದ ಮಾತ್ರ ನನಗೆ ಹಿಡಿಸಲಿಲ್ಲ. ಉಳಿದದ್ದಕ್ಕೆಲ್ಲ ವರ್ಷ ಕೊಟ್ಟಿದ್ದೀರಿ, ಕಾದಂಬರಿಗೆ ಮಾತ್ರ ಸಂದಿಯಲ್ಲಿ ಜಾಗ. ಈ ಕೆಲಸದಲ್ಲಿ ಸಂದಿ ಅನ್ನುವುದು ಇರುವುದಿಲ್ಲ. ಇಡೀ ದಿನ ಬೇರೆಯವರ ವಾಕ್ಯಗಳ ಜೊತೆ ಕೂತು ಮನೆಗೆ ಬಂದರೆ ನಿಮ್ಮದೇ ವಾಕ್ಯ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಬರೆಯುವ ಮೊದಲೇ ತಿದ್ದೋಕೆ ಶುರು ಮಾಡುತ್ತೀರಿ. ನಾನು ಹೀಗೇ ನಾಲ್ಕು ವರ್ಷ ಕಳೆದೆ. ಸುಮ್ನೆ ಹೆದರಿಸುತ್ತಿಲ್ಲ.

ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಒಂದು ದೊಡ್ಡ ಪ್ರಕಾಶನದಲ್ಲಿ 1983ರವರೆಗೆ ಸಂಪಾದಕಿಯಾಗಿದ್ದರು. ಮೊದಲ ಕಾದಂಬರಿ ಬಂದದ್ದು 1970ರಲ್ಲಿ. ಕೆಲಸ ಬಿಡುವಷ್ಟರಲ್ಲಿ ನಾಲ್ಕು ಕಾದಂಬರಿ ಆಗಿದ್ದವು. ಮನೆಯಲ್ಲಿ ಇಬ್ಬರು ಮಕ್ಕಳು ಬೇರೆ. ಅವರು ಬರೆಯುತ್ತಿದ್ದದ್ದು ಬೆಳಕು ಹರಿಯುವ ಮೊದಲು, ಅಂದರೆ ಬೇರೆಯವರ ಹಸ್ತಪ್ರತಿ ಕೈಗೆ ಬರುವ ಮೊದಲು. ನಿಮಗೂ ನನ್ನ ಸಲಹೆ ಅದೇ: ಬೆಳಿಗ್ಗೆ ಆಗದಿದ್ದರೆ ವಾರಕ್ಕೊಂದು ದಿನ ಆದರೂ ಸರಿ, ಆ ಹೊತ್ತು ಕೆಲಸಕ್ಕಿಂತ ಮುಂಚೆ ಬರಬೇಕು. ಕೆಲಸ ಮುಗಿದ ಮೇಲೆ ಅಂದರೆ ಅದು ಮುಗಿಯುವುದೇ ಇಲ್ಲ.

ಇನ್ನು ಸಂಪಾದಕರ ಕೆಲಸ. ಬರಹಗಾರರಾಗಿದ್ದವರಿಗೆ ಇದು ಸುಲಭ ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಉಲ್ಟಾ. ನಾನು ಸೇರಿದ ಹೊಸದರಲ್ಲಿ ಒಂದು ಕತೆ ಕೈಗೆ ಬಂತು. ಅದರಲ್ಲಿ ಹೀಗಿತ್ತು: ‘ಅಪ್ಪ ಬಂದರು. ಚಪ್ಪಲಿ ಬಿಟ್ಟರು. ಮಾತಾಡಲಿಲ್ಲ.’ ಮೂರು ತುಂಡು ವಾಕ್ಯ ಯಾಕೆ ಅಂತ ನಾನು ‘ಅಪ್ಪ ಬಂದು, ಚಪ್ಪಲಿ ಬಿಟ್ಟು, ಏನೂ ಮಾತಾಡದೆ ಒಳಗೆ ಹೋದರು’ ಎಂದು ಸೇರಿಸಿದೆ. ಬಹಳ ಜಾಣತನ ಮಾಡಿದೆ ಎಂದೇ ಅಂದುಕೊಂಡೆ. ಬರೆದವರು ಫೋನ್ ಮಾಡಿದರು. ಜಗಳ ಆಡಲಿಲ್ಲ, ‘ಒಳಗೆ ಹೋದರು ಅಂತ ನಾನು ಎಲ್ಲಿ ಬರೆದಿದ್ದೆ?’ ಎಂದಷ್ಟೇ ಕೇಳಿದರು. ಮತ್ತೆ ತೆಗೆದು ಓದಿದೆ. ಹೌದು, ಅಪ್ಪ ಬಾಗಿಲಲ್ಲೇ ನಿಂತಿದ್ದರು, ಇಡೀ ಕತೆ ಆ ನಿಲ್ಲುವುದರ ಮೇಲೇ ಇತ್ತು. ನಾನು ಅವರನ್ನು ಒಳಗೆ ಕಳಿಸಿಬಿಟ್ಟಿದ್ದೆ! ಅವತ್ತಿನಿಂದ ತಿದ್ದುವ ಬದಲು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಪ್ರಶ್ನೆ ಬರೆಯುತ್ತೇನೆ. ನಿಮ್ಮ ಮೊದಲ ವರ್ಷ ಇದನ್ನು ಕಲಿಯೋಕೇ ಸಾಲದು. ಕಾಗುಣಿತ ಬೇಗ ಬರುತ್ತದೆ ಬಿಡಿ.

ಸ್ವಂತ ಪ್ರಕಾಶನದ ವಿಷಯಕ್ಕೆ ಬಂದರೆ, 1917ರಲ್ಲಿ ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಅವರ ಗಂಡ ಲಿಯೊನಾರ್ಡ್ ವುಲ್ಫ್ ಒಂದು ಸಣ್ಣ ಕೈಮುದ್ರಣ ಯಂತ್ರ ಕೊಂಡು ಮನೆಯಲ್ಲೇ ಇಟ್ಟುಕೊಂಡು ಶುರು ಮಾಡಿದರು. ಮೊದಲ ಪುಸ್ತಕದಲ್ಲಿ ಇಬ್ಬರದೂ ಒಂದೊಂದು ಕತೆ, ಪ್ರತಿಗಳು ಸುಮಾರು 150. ಅಷ್ಟೇ. ನೀವು ಐದು ವರ್ಷ ಕಾಯುವ ಬದಲು ಎರಡನೇ ವರ್ಷವೇ ಒಂದು 32 ಪುಟದ ಕಿರುಪುಸ್ತಕ ಮಾಡಿ ನೋಡಬಹುದಲ್ವಾ? ಬೇರೆಯವರ ಬರಹವೇ ಇರಲಿ. 32 ಯಾಕೆ ಅಂದರೆ ಅಚ್ಚಿನ ಹಾಳೆ ಮಡಿಸಿದಾಗ ಸಾಮಾನ್ಯವಾಗಿ 8 ಅಥವಾ 16 ಪುಟಗಳ ಲೆಕ್ಕದಲ್ಲಿ ಬರುತ್ತದೆ. 16ರ ಲೆಕ್ಕದಲ್ಲಿ ನಿಮ್ಮ ಪುಸ್ತಕ 161 ಪುಟ ಆಯಿತು ಅನ್ನಿ, ಒಂದೇ ಒಂದು ಪುಟಕ್ಕೆ ಇನ್ನೊಂದು ಹಾಳೆ ಬೇಕು, 15 ಪುಟ ಖಾಲಿ. ಆಗ ಆ ಒಂದು ಪುಟವನ್ನು ಎಲ್ಲಿ ಕತ್ತರಿಸೋದು ಅಂತ ಹುಡುಕುವಾಗ ನೀವು ಸಂಪಾದಕರೂ ಹೌದು, ಪ್ರಕಾಶಕರೂ ಹೌದು.

ದುಡ್ಡಿನದು ಬೇರೆ ಕತೆ. ಅಚ್ಚಿನವರಿಗೆ ಮುಂಚೆ ಕೊಡಬೇಕು, ಅಂಗಡಿಯವರು ಕೊಡೋದು ತಿಂಗಳುಗಳಾದ ಮೇಲೆ, ಮಾರದ ಪ್ರತಿ ವಾಪಸ್ಸೂ ಬರುತ್ತದೆ. ಮೊದಲ ಪುಸ್ತಕದ ಹಣ ಬರುವ ಮೊದಲೇ ಎರಡನೆಯದಕ್ಕೆ ಹಣ ಬೇಕು. ಎಷ್ಟೋ ಜನ ನಿಲ್ಲಿಸಿದ್ದು ಇಲ್ಲೇ, ಒಳ್ಳೆಯ ಪುಸ್ತಕ ಸಿಗದೆ ಅಲ್ಲ.

ಕಾದಂಬರಿಯ ಮೊದಲ ಅಧ್ಯಾಯ ಕಳಿಸಲಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಈಗ ಬೇಡ. ಆರನೇ ಅಧ್ಯಾಯ ಆದ ಮೇಲೆ ಕಳಿಸಿ, ಪೆನ್ಸಿಲ್ ಚೂಪು ಮಾಡಿಟ್ಟಿರುತ್ತೇನೆ.

– ಸಂಪಾದಕ