ಶನಿವಾರದವರೆಗೆ ಆಗುವ ಮಾತಲ್ಲ

ಮಂಗಳವಾರ ರಾತ್ರಿ ಹೊಸ ಐಫೋನ್ ಘೋಷಣೆ, ಶನಿವಾರ ಗೆಳೆಯರ ಜೊತೆ ಕೂತು ನೋಡಬೇಕು, ಅಲ್ಲಿಯವರೆಗೆ ಒಂದಕ್ಷರವೂ ಗೊತ್ತಾಗಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ. ನಾಲ್ಕು ದಿನ! ನಾನು ಆರೂವರೆ ಗಂಟೆಯೊಳಗೇ ಸೋತವನು. ಆ ಕತೆ ಕೇಳಿ.

2017ರ ಸೆಪ್ಟೆಂಬರ್ 12. ಅವತ್ತೂ ಮಂಗಳವಾರವೇ. ಐಫೋನ್ ಬಂದು ಹತ್ತು ವರ್ಷ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ಆಪಲ್ ಕಂಪನಿಯ ಕಚೇರಿ ಆಪಲ್ ಪಾರ್ಕಿನಲ್ಲಿ ಹೊಸದಾಗಿ ಕಟ್ಟಿದ ಸ್ಟೀವ್ ಜಾಬ್ಸ್ ಥಿಯೇಟರಿನಲ್ಲಿ ಮೊದಲ ಕಾರ್ಯಕ್ರಮ ಬೇರೆ. ಅಲ್ಲಿ ಬೆಳಗ್ಗೆ 10 ಅಂದರೆ ನಮಗೆ ರಾತ್ರಿ 10:30. ನನಗೆ ಬೆಂಗಳೂರಿನಲ್ಲಿ ನೈಟ್ ಶಿಫ್ಟ್, ಅಮೆರಿಕದ ಗ್ರಾಹಕರ ಫೋನ್ ಕರೆಗಳು. ತಮ್ಮನಿಗೆ ಇಂಜಿನಿಯರಿಂಗ್ ಕೊನೆಯ ವರ್ಷ, ಬುಧವಾರ ಬೆಳಗ್ಗೆ ಇಂಟರ್ನಲ್ಸ್. ಹಾಗಾಗಿ ಇಬ್ಬರೂ ಬುಧವಾರ ಸಂಜೆ ಒಟ್ಟಿಗೇ ನೋಡೋಣ ಅಂತ ಒಪ್ಪಂದವಾಯಿತು. ಮೊದಲು ನೋಡಿದವನು ಒಂದು ತಿಂಗಳು ಮನೆಯ ಪಾತ್ರೆ ತೊಳೆಯಬೇಕು ಅಂತ ಅವನೇ ಶರತ್ತು ಹಾಕಿದ.

ನಾನು ತಯಾರಿ ಮಾಡಿದ್ದು ನೋಡಿದರೆ ನೀವು ನಗುತ್ತೀರಿ. ಅದಕ್ಕೆ ಮೂರ್ನಾಲ್ಕು ದಿನ ಮುಂಚೆಯೇ ಐಫೋನಿನ ಹೊಸ ಸಾಫ್ಟ್‌ವೇರ್ ಐಓಎಸ್ 11ರ ಫೈಲು ಸೋರಿಕೆಯಾಗಿ, ಫೋನಿನ ಹೆಸರೂ ಸೇರಿ ಅರ್ಧ ಗುಟ್ಟು ರಟ್ಟಾಗಿತ್ತು. ಅದನ್ನೂ ಓದಲಿಲ್ಲ. ಟ್ವಿಟರ್ ಆಪ್ ಕಿತ್ತುಹಾಕಿದೆ. ಸುದ್ದಿ ಆಪ್‌ಗಳ ನೋಟಿಫಿಕೇಶನ್ ಬಂದ್. ಪಕ್ಕದ ಸೀಟಿನವರಿಗೆ ಮೊದಲೇ ಹೇಳಿ, ಬಾಯಿ ಬಿಟ್ಟರೆ ಬಿರಿಯಾನಿ ಕೊಡಿಸಬೇಕು ಅಂತ ಮಾತು ತಗೊಂಡೆ. ರಾತ್ರಿ ಹತ್ತಕ್ಕೆ ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ ಜೇಬಿಗಿಟ್ಟೆ. ಬ್ರೇಕಿನಲ್ಲಿ ಕ್ಯಾಂಟೀನಿಗೂ ಹೋಗಲಿಲ್ಲ.

ಕಾಲೇಜಿನ ವಾಟ್ಸಾಪ್ ಗ್ರೂಪು ಒಂದಿತ್ತು. ಇಂಥ ರಾತ್ರಿ ಅಲ್ಲಿ ಸಂತೆ ನಡೆಯುತ್ತದೆ ಅಂತ ಗೊತ್ತಿತ್ತು. ಅದನ್ನು ಮ್ಯೂಟ್ ಮಾಡಿದೆ. ಅಷ್ಟೇ ಅಲ್ಲ, ಮ್ಯೂಟ್ ಮಾಡುವಾಗ ಕೆಳಗೆ ನೋಟಿಫಿಕೇಶನ್ ತೋರಿಸಬೇಕಾ ಅಂತ ಒಂದು ಚೌಕ ಇರುತ್ತಿತ್ತು, ಅದರ ಟಿಕ್ಕನ್ನೂ ತೆಗೆದೆ. ಎಷ್ಟು ಬುದ್ಧಿವಂತ ಅಲ್ವಾ?

ಬೆಳಗಿನ ಜಾವ ಕ್ಯಾಬಿನಿಂದ ನಮ್ಮ ಬೀದಿಯ ತುದಿಯಲ್ಲಿ ಇಳಿದಾಗ ಐದು ಗಂಟೆ. ನಂದಿನಿ ಬೂತಿನವರು ಕ್ರೇಟು ಇಳಿಸುತ್ತಿದ್ದರು. ಬರುವಾಗ ಹಾಲು ತಗೊಂಡು ಬಾ, ಯಾವ ಪ್ಯಾಕೆಟ್ ಅಂತ ಮೆಸೇಜ್ ಹಾಕಿರ್ತೀನಿ ಅಂದಿದ್ದರು ಅಮ್ಮ. ಡೇಟಾ ಆನ್ ಮಾಡಿದೆ. ಅಮ್ಮನ ಮೆಸೇಜ್ ಮೇಲಿನಿಂದ ಇಳಿಯಿತು. ಅದನ್ನೇ ಒತ್ತಿದೆ. ನೇರವಾಗಿ ಅಮ್ಮನ ಚಾಟ್ ತೆರೆಯಿತು: ‘ನೀಲಿ ಬೇಡ, ಆರೆಂಜ್ ಎರಡು.’ ಇಲ್ಲಿಯವರೆಗೆ ಎಲ್ಲ ಸರಿ. ‘ಆಯ್ತಮ್ಮ’ ಅಂತ ಬರೆದೆ.

ಆಮೇಲೆ ಬ್ಯಾಕ್ ಒತ್ತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ನೋಟಿಫಿಕೇಶನ್ ಮೂಲಕ ಒಳಗೆ ಹೋದರೂ ಬ್ಯಾಕ್ ಒತ್ತಿದಾಗ ವಾಟ್ಸಾಪಿನಿಂದ ಹೊರಗೆ ಬರುವುದಿಲ್ಲ. ಚಾಟ್‌ಗಳ ಪಟ್ಟಿಗೆ ಬರುತ್ತೀರಿ. ಮ್ಯೂಟ್ ಮಾಡಿದರೆ ನಿಲ್ಲುವುದು ಸದ್ದು ಮತ್ತು ನೋಟಿಫಿಕೇಶನ್ ಮಾತ್ರ. ಪಟ್ಟಿಯಲ್ಲಿ ಗ್ರೂಪಿನ ಹೆಸರಿನ ಕೆಳಗೆ ಕೊನೆಯ ಮೆಸೇಜಿನ ಒಂದು ಸಾಲು ಇದ್ದೇ ಇರುತ್ತದೆ. ಹೊಸ ಮೆಸೇಜ್ ಬಂದ ಚಾಟ್‌ಗಳೇ ಪಟ್ಟಿಯಲ್ಲಿ ಮೇಲೆ ಬರುತ್ತವೆ, ರಾತ್ರಿಯೆಲ್ಲ ಹರಟೆ ನಡೆದ ಗ್ರೂಪು ಅಮ್ಮನ ಚಾಟ್‌ನ ಕೆಳಗೇ ಇತ್ತು. ಅಂದರೆ ಯಾವುದನ್ನು ನೋಡಬಾರದೋ ಅದೇ ಕಣ್ಣಿನ ಮುಂದೆ. ಆರ್ಕೈವ್ ಮಾಡಿದ್ದರೂ, ಅಂದರೆ ಪಟ್ಟಿಯಿಂದ ತೆಗೆದು ಬದಿಗೆ ಇಟ್ಟಿದ್ದರೂ, ಉಪಯೋಗವಿರಲಿಲ್ಲ. ಆಗೆಲ್ಲ ಹೊಸ ಮೆಸೇಜ್ ಬಂದ ಕೂಡಲೇ ಆರ್ಕೈವ್ ಆದದ್ದು ಎದ್ದು ಹೊರಗೆ ಬರುತ್ತಿತ್ತು. ಅದು ಒಳಗೇ ಇರುವ ಹಾಗಾದದ್ದು 2021ರಲ್ಲಿ. ನಾನು ಬ್ಯಾಕ್ ಬದಲು ಹೋಮ್ ಬಟನ್ ಒತ್ತಿದ್ದರೆ ಸಾಕಿತ್ತು. ಅಥವಾ ಎರಡೂ ಬಣ್ಣದ ಪ್ಯಾಕೆಟ್ ತಗೊಂಡು ಹೋಗಿದ್ದರೆ ಸಾಕಿತ್ತು! ಹೆಚ್ಚಾದ ಹಾಲಿಗೆ ಅಮ್ಮ ಹೆಪ್ಪು ಹಾಕುತ್ತಿದ್ದರು.

ಕಂಡದ್ದು ಒಂದೇ ಸಾಲು, ಅದೂ ಪೂರ್ತಿ ಅಲ್ಲ: ‘ಸ್ಟೇಜ್ ಮೇಲೇ ಫೋನು ಅವನ ಮುಖಾನೇ ಗುರ್ತು ಹಿಡೀಲಿ...’

ಸಾಕಲ್ಲ. ಫೋನ್ ತೆರೆಯಲು ಬೆರಳಚ್ಚು ಹೋಯಿತು, ಮುಖ ಬಂತು, ಅದೂ ಎಲ್ಲರೆದುರು ಕೈಕೊಟ್ಟಿತು. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಯಾರೂ ಬರೆದಿಟ್ಟುಕೊಂಡಿರದ ಒಂದೇ ಒಂದು ಗಳಿಗೆ ಅದು. ಅದೇ ನನಗೆ ಹಾಲಿನ ಬೂತಿನ ಮುಂದೆ ಸಿಕ್ಕಿತು.

ತಮ್ಮನಿಗೆ ಹೇಳಲಿಲ್ಲ. ಪಾತ್ರೆಯ ಭಯ ಅಂತಲ್ಲ, ಅವನಿಗೆ ಬೇಜಾರಾಗುತ್ತೆ ಅಂತ. ಸಂಜೆ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿದೆವು. ಇನ್ನೆಷ್ಟು ನಿಮಿಷ ಬಾಕಿ ಅಂತ ಕಂಡರೆ ಇನ್ನೊಂದು ಫೋನ್ ಬರುವುದು ಗೊತ್ತಾಗುತ್ತದೆ ಅಂತ ಅವನು ಟೀವಿಯ ಕೆಳಭಾಗಕ್ಕೆ ಟವೆಲ್ ಕಟ್ಟಿದ. ವಾಚು, ಆಪಲ್ ಟೀವಿ, ಐಫೋನ್ 8 ಎಲ್ಲ ಮುಗಿದು ಐಫೋನ್ ಟೆನ್ ಬಂತು. ಬೇರೆಯವರ ಮುಖಕ್ಕೆ ತೆರೆದುಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಅಂದರು. ಆಮೇಲೆ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ ವೇದಿಕೆಗೆ ಬಂದರು. ಅವರು ಫೋನ್ ಎತ್ತುವ ಮುಂಚೆಯೇ ನಾನು ಚುರುಮುರಿ ತಿನ್ನುವುದನ್ನು ನಿಲ್ಲಿಸಿದ್ದೆನಂತೆ. ಫೋನು ತೆರೆಯಲಿಲ್ಲ, ಪಾಸ್‌ಕೋಡ್ ಕೇಳಿತು, ಅವರು ಪಕ್ಕದಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡರು. ತಮ್ಮ ಟೀವಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ.

‘ನಿಂಗೆ ಗೊತ್ತಿತ್ತು, ಅಲ್ವಾ ಅಣ್ಣಾ?’

(ವೇದಿಕೆಯ ಹಿಂದೆ ಬೇರೆಯವರು ಆ ಫೋನನ್ನು ಹಿಡಿದು ಆಡಿದ್ದರಿಂದ, ಅವರ ಮುಖಗಳನ್ನು ಒಪ್ಪದೆ ಅದು ಪಾಸ್‌ಕೋಡ್ ಕೇಳುವ ಸ್ಥಿತಿಗೆ ಹೋಗಿತ್ತು ಅಂತ ಆಪಲ್ ಆಮೇಲೆ ವಿವರ ಕೊಟ್ಟಿತು. ಪಾಪ, ಫೋನ್ ಮಾಡಬೇಕಾದ್ದನ್ನೇ ಮಾಡಿತ್ತು. ನಾನು ಒಂದು ತಿಂಗಳು ಪಾತ್ರೆ ತೊಳೆದೆ.)

ಈಗ ನಿಮ್ಮ ವಿಷಯ. ಶನಿವಾರದ ಯೋಜನೆ ಕೈಬಿಡಿ. ಬೇರೆಯವರು ಮ್ಯೂಟ್ ಮಾಡಬೇಕಾದ ಪದಗಳ ಪಟ್ಟಿ ಕೊಡುತ್ತಾರೆ, ನಾನು ಕೊಡುವುದಿಲ್ಲ. ಬುಧವಾರ ಬೆಳಗ್ಗೆ ಪೇಪರಿನಲ್ಲಿ ರೂಪಾಯಿ ಲೆಕ್ಕದ ಬೆಲೆಯೇ ಬಂದಿರುತ್ತದೆ. 2017ರಲ್ಲಿ ‘89,000 ರೂಪಾಯಿ ಫೋನು’ ಅಂತ ಊರೆಲ್ಲ ಮಾತು. ಆಂಡ್ರಾಯ್ಡ್ ಆದರೆ ಹೋಮ್ ಸ್ಕ್ರೀನನ್ನು ಒಂದು ಸಲ ಪಕ್ಕಕ್ಕೆ ಸರಿಸಿದರೆ ಸಾಕು, ಗೂಗಲ್ ಸುದ್ದಿ ರಾಶಿ ಹಾಕಿರುತ್ತದೆ. ನಾಲ್ಕು ದಿನ ಕಳ್ಳನ ಹಾಗೆ ಅಡಗಿ ಓಡಾಡುವ ಬದಲು ಒಂದು ರಾತ್ರಿ ಎರಡು ಗಂಟೆ ನಿದ್ದೆ ಬಿಡಿ. ಗೆಳೆಯರು ಬರಲಾಗದಿದ್ದರೆ ಅವರವರ ಮನೆಯಲ್ಲೇ ನೋಡಲಿ, ಕಾಲ್‌ನಲ್ಲಿ ಒಟ್ಟಿಗೆ ಕೂಗಾಡಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. 2020ರ ಜೂನ್‌ನಿಂದ ಆಪಲ್ ಇದನ್ನೆಲ್ಲ ಮೊದಲೇ ಶೂಟ್ ಮಾಡಿ ತೋರಿಸುತ್ತಿದೆ. ಈಗ ಯಾರ ಕೈಯಲ್ಲೂ ಫೋನ್ ಕೈಕೊಡುವುದಿಲ್ಲ. ಬಣ್ಣ, ಕ್ಯಾಮೆರಾ ಎಲ್ಲ ತಿಂಗಳ ಮುಂಚೆಯೇ ಸೋರಿರುತ್ತದೆ. ನೀವು ಕಾಪಾಡಿಕೊಳ್ಳಲು ಒದ್ದಾಡುತ್ತಿರುವ ಗುಟ್ಟು ಅಷ್ಟೇನೂ ದೊಡ್ಡದಲ್ಲ. ನಿಮಗೆ ನಿಜವಾಗಿ ಬೇಕಾಗಿರುವುದು ಗೆಳೆಯರ ಜೊತೆ ಶನಿವಾರ ಸಂಜೆ. ಅದಕ್ಕೆ ಐಫೋನ್ ಯಾಕೆ ಬೇಕು?

ರಾತ್ರಿ ಆಗುವುದೇ ಇಲ್ಲ ಅಂದರೆ ಬುಧವಾರ ಬೆಳಗ್ಗೆ ಐದಕ್ಕೆ, ಬೇರೇನನ್ನೂ ಮುಟ್ಟುವ ಮುಂಚೆ. ಯೂಟ್ಯೂಬಿನಲ್ಲಿ ನೇರಪ್ರಸಾರದ ಪುಟ ಮೊದಲೇ ಬಂದಿರುತ್ತದೆ. ಮಂಗಳವಾರ ಮಧ್ಯಾಹ್ನವೇ ಅದನ್ನು ಲ್ಯಾಪ್‌ಟಾಪಿನಲ್ಲಿ ಬುಕ್‌ಮಾರ್ಕ್ ಮಾಡಿಡಿ. ಬೆಳಗ್ಗೆ ಎದ್ದು ಯೂಟ್ಯೂಬಿನಲ್ಲಿ ಹುಡುಕಲು ಹೋದಿರೋ, ಚಿತ್ರಗಳೇ ಎಲ್ಲ ಹೇಳಿಬಿಡುತ್ತವೆ. ಆಪಲ್ ಸೈಟಿನ ಮುಖಪುಟವಂತೂ ಬೇಡವೇ ಬೇಡ, ಅಲ್ಲಿ ಹೊಸ ಫೋನೇ ಕೂತಿರುತ್ತದೆ.

ಮತ್ತೆ, ಬೆಳಗ್ಗೆ ಹಾಲು ಯಾವ ಪ್ಯಾಕೆಟ್ ಅಂತ ಮನೆಯಲ್ಲಿ ರಾತ್ರಿಯೇ ಕೇಳಿಕೊಳ್ಳಿ.